ಚಿತ್ರ ಬರೆದು ಬದುಕುವುದು: ಕರಾವಳಿಯ ಹೊಸ ಇಲಸ್ಟ್ರೇಟರ್, ಡಿಸೈನರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಕೂತು ಚಿತ್ರ, ಡಿಸೈನ್ ಮಾಡಿಕೊಂಡು ಬದುಕಲು ಶುರುಮಾಡಿ ಹನ್ನೆರಡು ವರ್ಷವಾಯಿತು. ಉಡುಪಿ, ಮೂಡುಬಿದಿರೆ, ಪುತ್ತೂರು, ಕುಂದಾಪುರದಿಂದ ಈಗಷ್ಟೇ ಕಾಲೇಜು ಮುಗಿಸಿದವರು ಫೋನ್ ಮಾಡುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಮಾತು ಕಳಿಸುತ್ತಾರೆ. ಕೆಲವರು ಈಗಲೂ ಪತ್ರ ಬರೆಯುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಹತ್ತಿಪ್ಪತ್ತು ಪ್ರಶ್ನೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲಿನವು ಈಗ ಹೊರಡುವವರಿಗೆ, ಕೊನೆಯವು ಒಂದೆರಡು ವರ್ಷ ಕೆಲಸ ಮಾಡಿದವರಿಗೆ.

## ಹೊರಡುವ ಮೊದಲು

ಆರ್ಟ್ ಸ್ಕೂಲಿಗೆ ಹೋಗದೆ ಇಲಸ್ಟ್ರೇಟರ್ ಆಗ್ಲಿಕ್ಕೆ ಆಗ್ತದಾ?

ಆಗುತ್ತದೆ. ಇಷ್ಟು ವರ್ಷದಲ್ಲಿ ಒಬ್ಬ ಕ್ಲಯಂಟ್ ಕೂಡ ನನ್ನ ಸರ್ಟಿಫಿಕೇಟ್ ನೋಡಿಲ್ಲ. ಆದರೆ ಶಾಲೆಯಲ್ಲಿ ಸಿಗುವ ಎರಡು ಸಂಗತಿಗಳನ್ನು ನೀವು ಹೊರಗೆ ಹುಡುಕಿಕೊಳ್ಳಬೇಕು. ಒಂದು, ದಿನಾ ಕಣ್ಣೆದುರಿನದ್ದನ್ನು ನೋಡಿ ಬರೆಯುವ ಅಭ್ಯಾಸ. ಇನ್ನೊಂದು, ‘ಇಲ್ಲಿ ಕೈ ತಪ್ಪಿದೆ’ ಎಂದು ಮುಖ ನೋಡಿ ಹೇಳುವ ನಾಲ್ಕು ಮಂದಿ. ಮಂಗಳೂರಿನ ಮಹಾಲಸಾದಂಥ ಕಲಾಶಾಲೆಯಲ್ಲಿ ಕಲಿತವರಿಗೆ ಇವೆರಡೂ ತಾನಾಗಿ ಸಿಗುತ್ತವೆ.

ನೋಡಿ ಬರೆಯಲು ನಮ್ಮ ಊರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಬೆಳಿಗ್ಗೆ ಮಲ್ಪೆಯ ದಕ್ಕೆಗೆ ಹೋಗಿ. ಮೀನು ಹೊರುವವರು ಯಾರೂ ನಿಮಗಾಗಿ ನಿಲ್ಲುವುದಿಲ್ಲ, ಕೈ ತಾನಾಗಿ ಬೇಗ ಓಡಲು ಕಲಿಯುತ್ತದೆ. ರಾತ್ರಿ ಆಟ, ಅಂದರೆ ಯಕ್ಷಗಾನ, ಇದ್ದರೆ ಕೇಳಿಕೊಂಡು ಚೌಕಿಯ (ವೇಷ ಕಟ್ಟಿಕೊಳ್ಳುವ ಜಾಗದ) ಮೂಲೆಯಲ್ಲಿ ಕುಳಿತುಕೊಳ್ಳಿ. ಒಂದು ಮುಖ ಬಣ್ಣ ಹಚ್ಚಿಕೊಳ್ಳುತ್ತಾ ಇನ್ನೊಂದಾಗುವುದನ್ನು ಹಂತ ಹಂತವಾಗಿ ಬರೆಯಬಹುದು. ನರ್ತಿಸುವ ದೇಹವನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದ ಕೆ.ಕೆ. ಹೆಬ್ಬಾರ್ 1911ರಲ್ಲಿ ಹುಟ್ಟಿದ್ದು ಇಲ್ಲೇ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಆ ಗೆರೆಗಳನ್ನು ಒಮ್ಮೆ ನಿಧಾನವಾಗಿ ನೋಡಿ.

ಐಪ್ಯಾಡ್ ಇಲ್ಲದೆ ಕೆಲಸ ಸಿಗುದಿಲ್ವಾ?

ಸಿಗುತ್ತದೆ. ಸಾಲ ಮಾಡಿ ಐಪ್ಯಾಡ್ ಕೊಳ್ಳಬೇಡಿ. ಈಗಿರುವ ಕಂಪ್ಯೂಟರಿಗೆ ಸ್ಕ್ರೀನ್ ಇಲ್ಲದ ಸಾದಾ ಪೆನ್ ಟ್ಯಾಬ್ಲೆಟ್ ಸಾಕು. ಚಿತ್ರಕ್ಕೆ ಕ್ರಿಟಾ, ಲೋಗೊ ಮುಂತಾದವಕ್ಕೆ ಇಂಕ್‌ಸ್ಕೇಪ್ ಎರಡೂ ಉಚಿತ, ಎರಡರಲ್ಲೂ ಹೊಟ್ಟೆಪಾಡಿನ ಕೆಲಸ ಮಾಡಬಹುದು. ಕಾಗದದಲ್ಲೇ ಕೈ ಕೂತಿದ್ದರೆ ಒಂದು ಸ್ಕ್ಯಾನರ್ ತೆಗೆದುಕೊಳ್ಳಿ.

ಬೆಂಗಳೂರಿಗೆ ಹೋಗ್ಲೇಬೇಕಾ? ಇಲ್ಲಿ ಕೆಲಸ ಉಂಟಾ?

ಉಂಟು. ಆದರೆ ಅದು ಜಾಹೀರಾತು ಹಾಕಿ ನಿಮ್ಮನ್ನು ಕರೆಯುವುದಿಲ್ಲ.

ಚಿತ್ರ, ಅಕ್ಷರ, ಅಚ್ಚು ಈ ಊರಿಗೆ ಹಳೆಯ ಕಸುಬು. ಬಾಸೆಲ್ ಮಿಷನ್ ಪ್ರೆಸ್ ಮಂಗಳೂರಿನಲ್ಲಿ ಶುರುವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದೂ ಇಲ್ಲಿಂದಲೇ. ಮಣಿಪಾಲದ ಅಚ್ಚುಕೂಟಗಳ ಹೆಸರು ಎಲ್ಲರಿಗೂ ಗೊತ್ತು. ಅಂದರೆ ಇಲ್ಲಿನ ಜನಕ್ಕೆ ಅಚ್ಚು ಹಾಕಿಸಿ ಗೊತ್ತು. ಚಿತ್ರಕಾರರಿಗೆ ಬೇರೆಯಾಗಿ ಹಣ ಕೊಟ್ಟು ಅಭ್ಯಾಸ ಕಡಿಮೆ.

ಊರಿನ ಕೆಲಸಕ್ಕೆ ಅದರದ್ದೇ ಪಂಚಾಂಗ ಇದೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ಹೊರಡುತ್ತವೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಆಟದ ಬ್ಯಾನರು, ಕರಪತ್ರ. ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವ, ಕ್ರಿಸ್‌ಮಸ್. ಜನವರಿಯಿಂದ ಮೇವರೆಗೆ ದೇವಸ್ಥಾನದ ಬ್ರಹ್ಮಕಲಶ, ದೈವಗಳ ಆರಾಧನೆಯಾದ ನೇಮ, ಮದುವೆ, ಗೃಹಪ್ರವೇಶಗಳ ಆಮಂತ್ರಣ. ಅಷ್ಟಮಿ, ಚೌತಿ, ನವರಾತ್ರಿಗೆ ಹುಲಿವೇಷದ ತಂಡಗಳ ಟೀ-ಶರ್ಟು, ಪೋಸ್ಟರು. ಇವುಗಳ ನಡುವೆ ವರ್ಷವಿಡೀ ಇರುವುದು ಹೋಟೆಲಿನ ಮೆನು, ಗೇರುಬೀಜ, ಹಪ್ಪಳ, ಕೊಬ್ಬರಿ ಎಣ್ಣೆಯ ಪ್ಯಾಕೆಟ್ಟು, ಹೋಂಸ್ಟೇ, ಕ್ಲಿನಿಕ್ಕು, ತುಳು ನಾಟಕ. ಮುಂಬೈ ಮತ್ತು ಗಲ್ಫಿನಲ್ಲಿರುವ ನಮ್ಮವರ ಸಂಘಗಳು ಸ್ಮರಣ ಸಂಚಿಕೆ ಮಾಡಿಸಲು ಊರಿನವರನ್ನೇ ಹುಡುಕುತ್ತವೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳಿನಲ್ಲಿ ಶುಭಕಾರ್ಯ ಇಲ್ಲ, ಆಮಂತ್ರಣವೂ ಇಲ್ಲ. ಮೊದಲ ವರ್ಷ ಆ ಖಾಲಿತನಕ್ಕೆ ಹೆದರಿ ಸಿಕ್ಕಿದ ರೇಟಿಗೆ ಸಿಕ್ಕಿದ ಕೆಲಸ ಒಪ್ಪಿಕೊಂಡೆ. ಈಗ ಆ ಒಂದು ತಿಂಗಳ ಖರ್ಚನ್ನು ಮೇ ಒಳಗೆ ಎತ್ತಿಡುತ್ತೇನೆ, ಆಟಿಯನ್ನು ಪೂರ್ತಿ ನನ್ನ ಸ್ವಂತದ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಹೊಸಬರಿಗೆ ನಾನು ಕೊಡುವ ಸಲಹೆಗಳಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಬೆಂಗಳೂರಿನ ಸ್ಟುಡಿಯೊದಲ್ಲಿ ಒಂದೆರಡು ವರ್ಷ ದುಡಿದರೆ ದೊಡ್ಡ ಕೆಲಸ ಹೇಗೆ ಹಂಚಿಕೊಂಡು ಮಾಡುತ್ತಾರೆ ಎಂದು ತಿಳಿಯುತ್ತದೆ. ಅವಕಾಶ ಸಿಕ್ಕರೆ ಹೋಗಿ. ಸಿಗಲಿಲ್ಲ ಎಂದು ಕೈಕಟ್ಟಿ ಕೂರಬೇಡಿ.

ಪೋರ್ಟ್‌ಫೋಲಿಯೊಗೆ ಹಾಕ್ಲಿಕ್ಕೆ ಕೆಲಸವೇ ಇಲ್ಲ. ಎಂತ ಹಾಕುದು?

ಯಾರೂ ಕೊಡದ ಕೆಲಸವನ್ನು ನೀವೇ ನಿಮಗೆ ಕೊಟ್ಟುಕೊಳ್ಳಿ. ಮಕ್ಕಳ ಪುಸ್ತಕದ ಚಿತ್ರ ಮಾಡಬೇಕೆಂದಿದ್ದರೆ ಅಜ್ಜಿ ಹೇಳಿದ ಒಂದು ಕತೆಯನ್ನು 12 ಪುಟಕ್ಕೆ ಹಂಚಿ, ಒಂದೇ ಪಾತ್ರ ಎಲ್ಲ ಪುಟದಲ್ಲೂ ಅದೇ ಪಾತ್ರವಾಗಿ ಕಾಣುವ ಹಾಗೆ ಬರೆಯಿರಿ. ಪ್ರಕಾಶಕರು ಮೊದಲು ನೋಡುವುದು ಅದನ್ನೇ. ಪ್ಯಾಕೇಜಿಂಗ್ ಮಾಡಬೇಕೆಂದಿದ್ದರೆ ಮನೆಯಲ್ಲಿರುವ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡಿ, ಪ್ರಿಂಟ್ ತೆಗೆದು, ಅಂಟಿಸಿ, ಫೋಟೊ ತೆಗೆಯಿರಿ. ಹತ್ತು ಹನ್ನೆರಡು ಒಳ್ಳೆಯ ಕೆಲಸ ಸಾಕು. ಮೂವತ್ತು ಹಾಕಿದರೆ ಅದರಲ್ಲಿನ ದುರ್ಬಲವಾದದ್ದೇ ನೋಡುವವರ ಕಣ್ಣಿಗೆ ಬೀಳುತ್ತದೆ. ಮುಂದೆ ಯಾವ ಬಗೆಯ ಕೆಲಸ ಬೇಡವೋ ಅದನ್ನು ಹಾಕಲೇಬೇಡಿ, ಎಷ್ಟೇ ಚಂದ ಬಂದಿರಲಿ. ಹಾಕಿದ್ದೇ ಮತ್ತೆ ಬರುತ್ತದೆ.

## ದುಡ್ಡಿನ ಮಾತು

ರೇಟ್ ಎಷ್ಟು ಹೇಳುದು? ಗೂಗಲ್ ನೋಡಿದ್ರೆ ಡಾಲರಲ್ಲಿ ಉಂಟು.

ಬೇರೆಯವರ ರೇಟು ಬಿಡಿ, ನಿಮ್ಮ ಬದುಕಿನ ಲೆಕ್ಕ ಹಾಕಿ. ತಿಂಗಳಿಗೆ 30,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ, ವರ್ಷಕ್ಕೆ 3,60,000. ಕಂಪ್ಯೂಟರು, ಇಂಟರ್ನೆಟ್ಟು, ಕರೆಂಟು, ಆರೋಗ್ಯ ವಿಮೆ, ಓಡಾಟಕ್ಕೆ ಇನ್ನೊಂದು 90,000. ಒಟ್ಟು 4,50,000. ಆದಿತ್ಯವಾರ, ಹಬ್ಬ, ಜ್ವರ, ನೆಂಟರ ಮದುವೆ ಕಳೆದರೆ ವರ್ಷದಲ್ಲಿ ಕೆಲಸಕ್ಕೆ ಸಿಗುವುದು ಸುಮಾರು 250 ದಿನ. ಅದರಲ್ಲಿ ಅರ್ಧದಷ್ಟು ದಿನ ಮಾತುಕತೆ, ಬಿಲ್ಲು, ಪ್ರೆಸ್ಸಿನ ಓಡಾಟ, ಕಲಿಕೆಯಲ್ಲೇ ಹೋಗುತ್ತದೆ. ಹಣ ಬರುವ ದಿನ 125 ಮಾತ್ರ. 4,50,000ವನ್ನು 125ರಿಂದ ಭಾಗಿಸಿದರೆ ದಿನಕ್ಕೆ 3,600. ಮೂರು ದಿನ ತಿನ್ನುವ ಪೋಸ್ಟರನ್ನು 2,000ಕ್ಕೆ ಒಪ್ಪಿಕೊಂಡರೆ ಉಳಿದ 8,800 ಯಾರ ಕಿಸೆಯಿಂದ ಹೋಗುತ್ತಿದೆ ಎಂದು ಆಗ ಕಾಣುತ್ತದೆ.

ಇದು ತಳದ ಲೆಕ್ಕ. ಅದರ ಮೇಲೆ ಬಳಕೆ ನೋಡಿ. ಒಂದೇ ಗೇರುಮರದ ಚಿತ್ರ ಅಂಗಡಿಯ ಗೋಡೆಯಲ್ಲಿ ಇದ್ದರೆ ಒಂದು ಬೆಲೆ, ಅದೇ ಲಕ್ಷ ಪ್ಯಾಕೆಟ್ಟಿನ ಮೇಲೆ ಐದು ವರ್ಷ ಓಡಿದರೆ ಇನ್ನೊಂದು. ಎಷ್ಟು ದಿನ ಕೂತೆ ಎನ್ನುವುದರ ಜೊತೆಗೆ ಚಿತ್ರ ಎಲ್ಲಿ, ಎಷ್ಟು ಕಾಲ ದುಡಿಯುತ್ತದೆ ಎನ್ನುವುದನ್ನೂ ಕೇಳಿಯೇ ರೇಟು ಹೇಳಿ.

ನೆಂಟರು, ಗುರ್ತದವರು ಫ್ರೀಯಾಗಿ ಕೇಳ್ತಾರೆ. ಹೇಗೆ ಇಲ್ಲ ಹೇಳುದು?

ಚಿಕ್ಕಮ್ಮನ ಮಗಳ ಮದುವೆಯ ಕಾರ್ಡಿಗೆ ಇಲ್ಲ ಹೇಳಬೇಕೆಂದೇನೂ ಇಲ್ಲ. ಕೊಡುವುದಾದರೆ ಪೂರ್ತಿ ಉಡುಗೊರೆಯಾಗಿ ಕೊಡಿ, ಇಲ್ಲವೇ ಪೂರ್ತಿ ಹಣ ತೆಗೆದುಕೊಳ್ಳಿ. ‘ನಿಮಗಾದರೆ ಅರ್ಧ ಸಾಕು ಅಕ್ಕ’ ಎಂಬ ಮಧ್ಯದ ದಾರಿಯಲ್ಲೇ ಸಂಬಂಧ ಕೆಡುತ್ತದೆ. ಕೊಟ್ಟವರಿಗೆ ಹಣ ಕೊಟ್ಟೆವಲ್ಲ ಎನಿಸುತ್ತದೆ, ಮಾಡಿದವರಿಗೆ ಸಿಗಲಿಲ್ಲವಲ್ಲ ಎನಿಸುತ್ತದೆ. ಉಡುಗೊರೆ ಕೊಡುವಾಗಲೂ ಬಿಲ್ಲು ಬರೆಯಿರಿ: ಪೂರ್ತಿ ಮೊತ್ತ ಕಾಣಿಸಿ, ಅದರ ಕೆಳಗೆ ‘ಉಡುಗೊರೆ’ ಎಂದು ಬರೆದು ಸೊನ್ನೆ ಮಾಡಿ. ಆ ಕೆಲಸದ ಬೆಲೆ ಎಷ್ಟೆಂದು ಮನೆಯವರಿಗೆ ಮೊದಲ ಸಲ ತಿಳಿಯುವುದು ಆಗಲೇ.

ದೇವಸ್ಥಾನದ ಕೆಲಸ ಬಂದಾಗ ಹೆಚ್ಚಿನವರು ಒದ್ದಾಡುತ್ತಾರೆ. ಸೇವೆ ಎಂದು ಮಾಡುವ ಮನಸ್ಸಿದ್ದರೆ ಸಂತೋಷದಿಂದ ಮಾಡಿ, ನಾನೂ ವರ್ಷಕ್ಕೆ ಒಂದು ಮಾಡುತ್ತೇನೆ. ಆದರೆ ಯಾವುದನ್ನು ಸೇವೆಯಾಗಿ ಕೊಡುವುದೆಂದು ತೀರ್ಮಾನಿಸಬೇಕಾದವರು ನೀವು. ಶಾಮಿಯಾನದವರಿಗೆ, ಪ್ರೆಸ್ಸಿನವರಿಗೆ, ಅಡುಗೆಯವರಿಗೆ ಹಣ ಕೊಡುವ ಸಮಿತಿಗೆ ಚಿತ್ರಕಾರರಿಗೂ ಕೊಡುವ ಯೋಗ್ಯತೆ ಇದೆ. ಗೌರವದಿಂದ ಕೇಳಿದರೆ ಕೊಟ್ಟವರೇ ಹೆಚ್ಚು.

ಅಡ್ವಾನ್ಸ್ ಕೇಳಿದ್ರೆ ಬೇಜಾರು ಮಾಡ್ತಾರಾ?

ಇಲ್ಲ. ಬಾಡಿಗೆ ಹಾಲ್‌ನವರಿಗೆ, ಬ್ಯಾಂಡಿನವರಿಗೆ ಅಡ್ವಾನ್ಸ್ ಕೊಟ್ಟೇ ಕೊಡುತ್ತಾರೆ. ಅರ್ಧ ಮೊದಲು, ಉಳಿದದ್ದು ಅಂತಿಮ ಕಡತ ಕೊಡುವ ಮೊದಲು. ಅಡ್ವಾನ್ಸಿಗೇ ಮುಖ ಗಂಟಿಕ್ಕಿದವರು ಕೊನೆಯ ಕಂತು ಕೊಟ್ಟದ್ದನ್ನು ನಾನು ನೋಡಿಲ್ಲ.

ಒಪ್ಪಂದ ಅಂದ್ರೆ ವಕೀಲರ ಹತ್ರ ಹೋಗ್ಬೇಕಾ?

ಸಣ್ಣ ಕೆಲಸಕ್ಕೆ ಬೇಡ. ಒಂದು ಇಮೇಲ್ ಸಾಕು, ವಾಟ್ಸ್‌ಆ್ಯಪ್ ಸಂದೇಶವಾದರೂ ಆದೀತು, ಅವರು ‘ಸರಿ’ ಎಂದು ಉತ್ತರಿಸಿರಬೇಕು ಅಷ್ಟೆ. ನಾನು ಕಳಿಸುವುದು ಹೀಗೆ:

‘ನಮಸ್ಕಾರ ಸರ್. ನಿನ್ನೆ ಮಾತಾಡಿದಂತೆ ನಿಮ್ಮ ಎಣ್ಣೆ ಬಾಟಲಿಯ ಲೇಬಲ್ಲಿಗೆ ಒಂದು ಚಿತ್ರ ಮತ್ತು ವಿನ್ಯಾಸ. ಮೊದಲು ಎರಡು ರಫ್ ತೋರಿಸುತ್ತೇನೆ, ನೀವು ಆರಿಸಿದ ಒಂದರಲ್ಲಿ ಎರಡು ಸಲ ತಿದ್ದುಪಡಿ. ಅದಕ್ಕಿಂತ ಹೆಚ್ಚಾದರೆ ಒಂದೊಂದಕ್ಕೂ ಇಷ್ಟು. ಒಟ್ಟು ಇಷ್ಟು ರೂಪಾಯಿ, ಅರ್ಧ ಮುಂಗಡ. ಚಿತ್ರವನ್ನು ಈ ಲೇಬಲ್ಲಿಗೆ, ಭಾರತದಲ್ಲಿ, ಮೂರು ವರ್ಷ ಬಳಸಬಹುದು. ಬೇರೆ ಕಡೆ ಬಳಸುವುದಾದರೆ ಮಾತಾಡಿಕೊಳ್ಳೋಣ. ಚಿತ್ರವನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸುತ್ತೇನೆ. ಕೆಲಸ ಅರ್ಧಕ್ಕೆ ನಿಂತರೆ ಮುಂಗಡ ಹಿಂದಿರುಗಿಸುವುದಿಲ್ಲ. ಒಪ್ಪಿಗೆಯಾದರೆ ತಿಳಿಸಿ.’

ಮೊದಲ ವರ್ಷ ಒಂದು ಅಂಗಡಿಯ ಲೋಗೊವನ್ನು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದೆ. ಯಜಮಾನರಿಗೆ ಹಿಡಿಸಿತು, ತಮ್ಮನಿಗೆ ಹಿಡಿಸಲಿಲ್ಲ. ಆಮೇಲೆ ಭಾವ ಬಂದರು. ಎರಡು ತಿಂಗಳು ತಿದ್ದಿದೆ, ಕೊನೆಗೆ ‘ಹಳೆಯದೇ ಇರಲಿ’ ಎಂದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಎಷ್ಟು ಸಲ ತಿದ್ದುವುದು, ಯಾರ ಮಾತು ಕೊನೆಯದು ಎಂದು ನಾನು ಬರೆದಿರಲಿಲ್ಲ. ಅಂದಿನಿಂದ ಸಂದೇಶದಲ್ಲಿ ಇನ್ನೊಂದು ಸಾಲು ಸೇರಿದೆ: ‘ಅಂತಿಮ ಒಪ್ಪಿಗೆ ಯಾರದ್ದು?’

ಕೆಲಸ ಕೊಟ್ಟಾಯ್ತು, ಹಣ ಕೊಡ್ತಾ ಇಲ್ಲ. ಏನಾದ್ರೂ ಮಾಡ್ಲಿಕ್ಕೆ ಉಂಟಾ?

ಉಂಟು, ಆದರೆ ತಯಾರಿ ಮೊದಲೇ ಬೇಕು. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಸೂಕ್ಷ್ಮ ಉದ್ಯಮ ಎಂದು ನೋಂದಾಯಿಸಿಕೊಳ್ಳಿ. ಒಬ್ಬರೇ ಮನೆಯಲ್ಲಿ ಕೂತು ಮಾಡುವ ಸೇವೆಗೂ ಆಗುತ್ತದೆ, ಶುಲ್ಕ ಇಲ್ಲ. ಹಣ ಕೇಳುವ ಏಜೆಂಟರ ಜಾಲತಾಣಗಳಿಗೆ ಹೋಗಬೇಡಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ನೋಂದಣಿ ಆಗಿರಲಿ, ಬಿಲ್ಲಿನ ಮೇಲೆ ಆ ಸಂಖ್ಯೆ ಇರಲಿ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ (ಎಂಎಸ್ಎಂಇಡಿ) ಪ್ರಕಾರ, ನೋಂದಾಯಿತ ಸೂಕ್ಷ್ಮ ಉದ್ಯಮಕ್ಕೆ ಒಪ್ಪಂದದಲ್ಲಿ ಬರೆದುಕೊಂಡ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿಯೂ 45 ದಿನ ಮೀರುವಂತಿಲ್ಲ. ಏನೂ ಬರೆದುಕೊಂಡಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ. ದೂರು ಕೊಡಲು ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ನನಗೆ ದೂರಿನವರೆಗೆ ಹೋಗಬೇಕಾಗಿ ಬಂದದ್ದು ಒಮ್ಮೆ ಮಾತ್ರ. ಉಳಿದ ಸಲ, ಕಾಯ್ದೆಯ ಈ ಸಾಲುಗಳನ್ನು ಮರ್ಯಾದೆಯಿಂದ ಇಮೇಲಿನಲ್ಲಿ ಬರೆದು ಅವರ ಲೆಕ್ಕಪತ್ರ ನೋಡುವವರಿಗೆ ಒಂದು ಪ್ರತಿ ಕಳಿಸಿದ್ದೇ ಸಾಕಾಯಿತು.

ಜಿಎಸ್‌ಟಿ, ಟಿಡಿಎಸ್ ಎಲ್ಲ ಬೇಕಾ? ತಲೆ ಬಿಸಿ.

ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಅದರ ಕೆಳಗಿದ್ದು ನೋಂದಣಿ ಮಾಡಿಸಿಕೊಳ್ಳದವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವಂತಿಲ್ಲ. ಟಿಡಿಎಸ್ ಎಂದರೆ ಕಂಪನಿ ನಿಮ್ಮ ಹಣದಲ್ಲಿ ಒಂದು ಪಾಲು ಹಿಡಿದು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವುದು. ಅದು ನಿಮ್ಮದೇ ಹಣ. ವರ್ಷಕ್ಕೊಮ್ಮೆ ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಆದಾಯ ಕಡಿಮೆ ಎಂದು ರಿಟರ್ನ್ ಹಾಕದೆ ಈ ಹಣ ಬಿಟ್ಟುಬಿಡುವವರು ನನ್ನ ಗುರ್ತದಲ್ಲೇ ಇದ್ದಾರೆ. ಕೆಲಸಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ, ಮಾರ್ಚಿಗೆ ಮೊದಲು ಒಬ್ಬ ಸಿಎ ಹತ್ತಿರ ಒಂದು ಗಂಟೆ ಕುಳಿತುಕೊಳ್ಳಿ. ವಿದೇಶದಿಂದ ಹಣ ಬಂದರೆ ಬ್ಯಾಂಕು ಕೊಡುವ ದಾಖಲೆಗಳನ್ನು ಜೋಪಾನವಾಗಿಡಿ.

## ಪ್ರೆಸ್ಸಿಗೆ ಹೋಗುವಾಗ

ಸ್ಕ್ರೀನಲ್ಲಿ ಚಂದ ಕಂಡ ಬಣ್ಣ ಪ್ರಿಂಟಲ್ಲಿ ಸಪ್ಪೆ ಯಾಕೆ?

ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಬೆಳಕಿನಲ್ಲಿ ಹೊಳೆಯುವ ಎಷ್ಟೋ ಬಣ್ಣ ಆ ನಾಲ್ಕು ಶಾಯಿಗೆ ಎಟುಕುವುದೇ ಇಲ್ಲ. ಹೆಚ್ಚು ಪೆಟ್ಟು ತಿನ್ನುವುದು ಕೆಂಡದಂಥ ಕಿತ್ತಳೆ, ಗಿಳಿಹಸಿರು, ನೇರಳೆ. ನನ್ನ ಮೊದಲ ಹುಲಿವೇಷದ ಪೋಸ್ಟರಿನ ಹುಲಿಗಳು ಸ್ಕ್ರೀನಿನಲ್ಲಿ ಉರಿಯುತ್ತಿದ್ದವು, ಅಚ್ಚಾಗಿ ಬಂದಾಗ ಇಟ್ಟಿಗೆ ಬಣ್ಣ. ಪ್ರೆಸ್ಸಿಗೆ ಹೋಗುವ ಕೆಲಸವನ್ನು ಮೊದಲ ದಿನದಿಂದಲೇ ಸಿಎಂವೈಕೆಯಲ್ಲಿ, ಅಂದರೆ ಆ ನಾಲ್ಕು ಶಾಯಿಯ ಲೆಕ್ಕದಲ್ಲಿ, ನೋಡುತ್ತಾ ಮಾಡಿ. ಆ ಕಿತ್ತಳೆ ಬೇಕೇ ಬೇಕೆಂದರೆ ಐದನೆಯ ಶಾಯಿಯಾಗಿ ಬೇರೆ ಹಾಕಿಸಬೇಕು, ಇಲ್ಲವೇ ಟೀ-ಶರ್ಟಿನ ಹಾಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಬೇಕು.

ಕಡತ ಕೊಡುವಾಗ: ಚಿತ್ರ ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ), ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಸಣ್ಣ ಅಕ್ಷರ ಕಪ್ಪು ಶಾಯಿ ಒಂದರಲ್ಲೇ. ನಾಲ್ಕೂ ಶಾಯಿ ಸೇರಿಸಿದ ಕಪ್ಪಿನಲ್ಲಿ ಸಣ್ಣ ಅಕ್ಷರ ಕೂರಿಸಿದರೆ ಪ್ಲೇಟು ಕೂದಲೆಳೆ ಜರುಗಿದರೂ ಅಂಚು ಮಸುಕಾಗುತ್ತದೆ. ಸಾಧ್ಯವಾದರೆ ಅಚ್ಚಾಗುವ ದಿನ ಹೋಗಿ ಮೆಷಿನ್ ಪಕ್ಕ ನಿಲ್ಲಿ. ಮೆಷಿನ್ ಓಡಿಸುವ ಅಣ್ಣಂದಿರಿಂದ ನಾನು ಕಲಿತಷ್ಟು ಬಣ್ಣದ ಪಾಠ ಇನ್ನೆಲ್ಲೂ ಕಲಿತಿಲ್ಲ.

ಡಿಸೈನ್ ಮಾಡುವಾಗ ಕನ್ನಡದ ಒತ್ತಕ್ಷರ ಒಡೆದು ಹೋಗ್ತದೆ. ಎಂತ ಮಾಡುದು?

ಇದಕ್ಕೆ ಎರಡು ಕಾರಣ ಇರಬಹುದು. ಕ್ಲಯಂಟ್ ಕೊಟ್ಟ ಬರಹ ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಬದಲಾದ ಮೇಲೆ ಅರ್ಕಾವತ್ತು, ದೀರ್ಘಗಳನ್ನು ಕಣ್ಣಿಟ್ಟು ಓದಿ.

ಬರಹ ಯೂನಿಕೋಡ್‌ನಲ್ಲೇ ಇದ್ದೂ ‘ಕ್ಷ’ ಒಡೆದು ‘ಕ್‌ಷ’ ಆದರೆ ತಪ್ಪು ಸಾಫ್ಟ್‌ವೇರಿನ ಸೆಟ್ಟಿಂಗ್‌ನದ್ದು. ಅಡೋಬಿ ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿ. ಅಡೋಬಿ ಇಲಸ್ಟ್ರೇಟರ್ ತಂತ್ರಾಂಶದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಕಂಪೋಸರ್ ಆರಿಸಿ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು, ಹಣದ ಕೆಲಸಕ್ಕೂ ಬಳಸಬಹುದು. ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ), ತಿದ್ದಲು ಬರುವ ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ತುಳು ಲಿಪಿಯ ಬೋರ್ಡುಗಳನ್ನು ಈಗ ತುಂಬ ಮಂದಿ ಕೇಳುತ್ತಾರೆ. 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ, ಇದು ನಮ್ಮಂಥವರಿಗೆ ದೊಡ್ಡ ಸಂಗತಿ. ಲಿಪಿ ಓದಲು ಬರುವ ಒಬ್ಬರಿಗೆ ತೋರಿಸದೆ ಮಾತ್ರ ಬೋರ್ಡು ಅಚ್ಚು ಹಾಕಿಸಬೇಡಿ. ತಪ್ಪು ಅಕ್ಷರ ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ನಿಂತುಬಿಡುತ್ತದೆ.

ಮಳೆಗಾಲದಲ್ಲಿ ಪೇಪರೆಲ್ಲ ಬೂಸ್ಟು ಹಿಡಿತದೆ…

ಜಲವರ್ಣದ ಕಾಗದದ ಮೇಲಿರುವ ಅಂಟಿನ ಲೇಪ ತೇವಕ್ಕೆ ಹಾಳಾಗುತ್ತದೆ, ಆಮೇಲೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ. ಮೇ ಕೊನೆಯಲ್ಲೇ ಕಾಗದ ಮತ್ತು ಮೂಲ ಚಿತ್ರಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗೋಡೆಗೆ ತಾಗಿದ ಕಪಾಟು ಬೇಡ. ಆಫ್‌ಸೆಟ್ ಶಾಯಿಯೂ ಆ ದಿನಗಳಲ್ಲಿ ನಿಧಾನಕ್ಕೆ ಒಣಗುವುದರಿಂದ ಜೂನ್, ಜುಲೈಯಲ್ಲಿ ಕ್ಲಯಂಟ್‌ಗೆ ಎರಡು ದಿನ ಹೆಚ್ಚೇ ಹೇಳಿ.

## ಹಕ್ಕು, ಪರಂಪರೆ, ಯಂತ್ರ

ನಾನು ಮಾಡಿದ ಚಿತ್ರ ಯಾರದ್ದು, ನನ್ನದಾ ದುಡ್ಡು ಕೊಟ್ಟವರದ್ದಾ?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯ ನಿಯಮ, ಮಾಡಿದವರೇ ಮೊದಲ ಒಡೆಯರು. ಆದರೆ 17ನೇ ಸೆಕ್ಷನ್ನಿನಲ್ಲಿ ಕೆಲವು ಹೊರತುಗಳಿವೆ, ಅವು ನಮ್ಮ ಕಸುಬಿಗೆ ನೇರ ತಾಗುತ್ತವೆ. ನೌಕರಿಯಲ್ಲಿದ್ದು ಮಾಡಿದ ಕೆಲಸ ಮಾಲೀಕರದ್ದು. ಹಣ ಕೊಟ್ಟು ಮಾಡಿಸಿಕೊಂಡ ಫೋಟೊ, ವರ್ಣಚಿತ್ರ, ಭಾವಚಿತ್ರಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಒಡೆತನ ಮಾಡಿಸಿಕೊಂಡವರಿಗೆ ಹೋಗುತ್ತದೆ. ‘ಬರೆದುಕೊಳ್ಳಿ’ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಬರೆಯದೆ ಬಿಟ್ಟರೆ ಕಾಯ್ದೆಯೇ ನಿಮ್ಮ ಚಿತ್ರವನ್ನು ಅವರಿಗೆ ಕೊಟ್ಟುಬಿಡಬಹುದು.

ಹಕ್ಕು ಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಕಾಯ್ದೆ ತಿಳಿಯುತ್ತದೆ. ಹಕ್ಕು ಮಾರಿದ ಮೇಲೂ ಈ ಚಿತ್ರ ನನ್ನದು ಎಂದು ಹೇಳಿಕೊಳ್ಳುವ, ನಿಮ್ಮ ಮಾನಕ್ಕೆ ಕುಂದಾಗುವಂತೆ ಅದನ್ನು ಕೆಡಿಸುವುದನ್ನು ತಡೆಯುವ ಹಕ್ಕು 57ನೇ ಸೆಕ್ಷನ್ನಿನಲ್ಲಿ ನಿಮ್ಮಲ್ಲೇ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಕ್ಕೆ 2,000.

ಮಕ್ಕಳ ಪುಸ್ತಕದವರು ‘ಎಲ್ಲ ಹಕ್ಕು’ ಕೇಳಿದ್ರೆ ಕೊಡ್ಬೇಕಾ?

ಕೇಳಿದ ತಕ್ಷಣ ಸಹಿ ಹಾಕಬೇಡಿ. ಪುಸ್ತಕಕ್ಕೆ ಬೇಕಾದದ್ದು ಆ ಪುಸ್ತಕವನ್ನು ಅಚ್ಚು ಹಾಕುವ, ಅನುವಾದಿಸುವ ಹಕ್ಕು. ಅದೇ ಚಿತ್ರದ ಆಟಿಕೆ, ಕ್ಯಾಲೆಂಡರ್, ಅನಿಮೇಷನ್ ಹಕ್ಕು ನಿಮ್ಮಲ್ಲಿರಲಿ ಎಂದು ಕೇಳಿ ನೋಡಿ. ಬೆಂಗಳೂರಿನ ಮಕ್ಕಳ ಪುಸ್ತಕಗಳ ಪ್ರಕಾಶನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ರೀತಿ ಬೇರೆ: ಅಲ್ಲಿನ ಪುಸ್ತಕಗಳು ಮುಕ್ತ ಪರವಾನಗಿಯವು, ಹೆಸರು ಹಾಕಿ ಯಾರು ಬೇಕಾದರೂ ಅನುವಾದಿಸಬಹುದು, ಮತ್ತೆ ಅಚ್ಚು ಹಾಕಬಹುದು. ಒಳ್ಳೆಯ ಉದ್ದೇಶದ ಕೆಲಸ, ಆದರೆ ಹಿಂದೆಗೆದುಕೊಳ್ಳಲಾಗದ ಒಪ್ಪಿಗೆ. ತಿಳಿದು ಒಪ್ಪಿ.

ಯಕ್ಷಗಾನ, ದೈವದ ಚಿತ್ರ ಟೀ-ಶರ್ಟಿಗೆ ಮಾಡಿಕೊಡಿ ಅಂತಾರೆ. ಮಾಡ್ಬಹುದಾ?

ಯಕ್ಷಗಾನದ ವೇಷ ಯಾರೊಬ್ಬರ ಕೃತಿಸ್ವಾಮ್ಯವೂ ಅಲ್ಲ, ಬರೆಯಬಹುದು. ಆದರೆ ಯಾವುದೋ ಛಾಯಾಗ್ರಾಹಕರ ಫೋಟೊ ಮೇಲಿಟ್ಟು ಗೆರೆ ಎಳೆದರೆ ಅದು ಅವರ ಹಕ್ಕಿನ ಕಳವು. ಆಟಕ್ಕೆ ಹೋಗಿ ನೀವೇ ನೋಡಿ ಬರೆಯಿರಿ. ಯಕ್ಷಗಾನದಲ್ಲಿ ಬಡಗು, ತೆಂಕು ಎಂಬ ಎರಡು ತಿಟ್ಟುಗಳಿವೆ. ಬಡಗಿನ ಕೇದಗೆ ಮುಂದಲೆ (ತಲೆಯ ಕಟ್ಟು) ಹಾಕಿಸಿ ಪಕ್ಕದಲ್ಲಿ ತೆಂಕಿನ ಬಣ್ಣದ ವೇಷದ ಚಿಟ್ಟಿ (ಮುಖದ ಮೇಲಿನ ಬಿಳಿ ಚುಕ್ಕೆಗಳು) ಇಟ್ಟ ಪೋಸ್ಟರುಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅವೆರಡನ್ನೂ ಕಲಿಯಲು ಕಲಾವಿದರು ಬದುಕನ್ನೇ ಕೊಟ್ಟಿದ್ದಾರೆ.

ದೈವದ ವಿಷಯ ಬೇರೆ. ಅದು ಕಾನೂನಿನ ಮಾತಲ್ಲ, ನಂಬಿಕೆಯದ್ದು. ನೇಮ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವರಿಗೆ ಆ ಮುಖವರ್ಣಿಕೆ ವೇಷಭೂಷಣ ಮಾತ್ರವಲ್ಲ. ಬೆವರುವ ಬಟ್ಟೆಯ ಮೇಲೆ, ಚಪ್ಪಲಿ ಪಕ್ಕದ ಕಪಾಟಿನ ಮಗ್ಗಿನ ಮೇಲೆ ದೈವದ ಮುಖ ಹಾಕಿಕೊಡಲು ನಾನು ಒಪ್ಪುವುದಿಲ್ಲ, ಎಷ್ಟು ಹಣ ಕೊಟ್ಟರೂ. ಪುಸ್ತಕಕ್ಕೋ ದಾಖಲೆಗೋ ಆದರೆ ಆ ಮನೆತನದವರನ್ನು, ನೇಮ ಕಟ್ಟುವವರನ್ನು ಕೇಳಿ, ಬರೆದದ್ದನ್ನು ಅವರಿಗೆ ತೋರಿಸಿ ಮುಂದುವರಿಯುತ್ತೇನೆ.

ಎಐ ಬಂದಾಯ್ತಲ್ಲ, ಇನ್ನು ನಮಗೆ ಕೆಲಸ ಸಿಗ್ತದಾ?

ಕೆಲವು ಬಗೆಯ ಕೆಲಸ ಈಗಾಗಲೇ ಹೋಗಿದೆ: ತುರ್ತಿನ ಬ್ಯಾನರಿಗೆ ಹಿನ್ನೆಲೆ, ಯಾವ ಊರೂ ಅಲ್ಲದ ಊರಿನ ದೃಶ್ಯ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. ಉಳಿದಿರುವುದು, ಇಂಥ ಊರಿನ ಇಂಥ ಮನೆಯೇ ಆಗಬೇಕು ಎನ್ನುವ ಕೆಲಸ. ಕಳೆದ ವರ್ಷ ಒಂದು ಹಳೆಯ ಗುತ್ತಿನ ಮನೆಯವರು (ಊರಿನ ಹಿರಿಯ ಮನೆತನದವರು) ಮನೆಯ ಚಿತ್ರ ಬರೆಸಿಕೊಂಡರು. ಪಡಸಾಲೆಯ ಯಾವ ಕಂಬಕ್ಕೆ ಒರಗಿ ಅಜ್ಜ ಕೂರುತ್ತಿದ್ದರು ಎಂದು ತೋರಿಸಲು ಮನೆಯವರೆಲ್ಲ ಅಂಗಳಕ್ಕೆ ಬಂದರು. ಅವರು ಹಣ ಕೊಟ್ಟದ್ದು ಆ ಕಂಬಕ್ಕೆ. ಕ್ಲಯಂಟ್ ಜೊತೆ ಮಾತ್ರ ನೇರವಾಗಿರಿ: ಎಐ ಬಳಸುತ್ತೀರಾ ಇಲ್ಲವಾ, ನಿಮ್ಮ ಚಿತ್ರವನ್ನು ಅವರು ಅದಕ್ಕೆ ಉಣಿಸಬಹುದಾ ಇಲ್ಲವಾ, ಎರಡನ್ನೂ ಮೊದಲ ಸಂದೇಶದಲ್ಲೇ ಬರೆಯಿರಿ.

## ಸ್ವಂತದ ಕೆಲಸ

ಕ್ಲಯಂಟ್ ಕೆಲಸದ ಮಧ್ಯೆ ಸ್ವಂತ ಪ್ರಾಜೆಕ್ಟಿಗೆ ಟೈಮ್ ಎಲ್ಲಿ?

‘ಗ್ರಾಫಿಕ್ ಕಾದಂಬರಿ ಮಾಡ್ತೇನೆ’ ಎಂದು ಹೊರಟವರು ಹೆಚ್ಚಾಗಿ ಮೂರನೇ ಪುಟದಲ್ಲಿ ನಿಲ್ಲುತ್ತಾರೆ. ಸಣ್ಣದು ಹಿಡಿಯಿರಿ, ಅದಕ್ಕೆ ಒಂದು ಕೊನೆ ಇರಲಿ. ನನ್ನದು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಇಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು, ಪ್ರತಿಯೊಂದೂ ಹೆಂಚಿನ ಬೆನ್ನಿಗೆ ತನ್ನ ಹೆಸರು, ಗುರುತು ಒತ್ತುತ್ತಿತ್ತು. ಮನೆ ಕೆಡವುವಲ್ಲಿ ರಾಶಿ ಬಿದ್ದ ಹೆಂಚು ತಿರುಗಿಸಿ ಆ ಮುದ್ರೆಗಳನ್ನು ಬರೆಯತೊಡಗಿದೆ. ಒಂದು ಆಟಿಗೆ ಇಪ್ಪತ್ತನಾಲ್ಕು ಎಂದು ಗೆರೆ ಹಾಕಿಕೊಂಡೆ. ಆ ಇಪ್ಪತ್ತನಾಲ್ಕು ಚಿತ್ರಗಳನ್ನು ನೋಡಿದ ಒಬ್ಬರು ತಮ್ಮ ಹೋಂಸ್ಟೇಯ ಪೂರ್ತಿ ವಿನ್ಯಾಸ ನನಗೆ ಕೊಟ್ಟರು. ಅದಕ್ಕಿಂತ ಹಿಂದೆ ಯಾರೂ ನನಗೆ ಅಂಥ ಕೆಲಸ ಕೊಟ್ಟಿರಲಿಲ್ಲ, ಏಕೆಂದರೆ ನಾನು ಅಂಥದ್ದನ್ನು ಮಾಡಬಲ್ಲೆ ಎಂದು ತೋರಿಸುವ ಏನೂ ನನ್ನಲ್ಲಿರಲಿಲ್ಲ.

ನಮ್ಮದೇ ಸಣ್ಣ ಪುಸ್ತಕ ಪ್ರಿಂಟ್ ಮಾಡಿ ಮಾರ್ಲಿಕ್ಕೆ ಆಗ್ತದಾ?

ಆಗುತ್ತದೆ. ಎ4 ಹಾಳೆ ಮಡಿಸಿದರೆ ಎ5 ಪುಸ್ತಕ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ಯಾವಾಗಲೂ ನಾಲ್ಕರ ಗುಣಕ, 16 ಪುಟಕ್ಕೆ ನಾಲ್ಕು ಹಾಳೆ. ನೂರು ಪ್ರತಿಯ ಒಳಗಾದರೆ ಡಿಜಿಟಲ್ ಪ್ರಿಂಟ್, ಹೆಚ್ಚಾದರೆ ಆಫ್‌ಸೆಟ್ಟಿನ ರೇಟು ಕೇಳಿ ಹೋಲಿಸಿ. ಮೊದಲು ಐವತ್ತೇ ಮಾಡಿ. ಪುಸ್ತಕದಂಗಡಿಗಳಲ್ಲಿ ಮಾರುವುದಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕು, ನಮ್ಮ ದೇಶದಲ್ಲಿ ಅದು ಉಚಿತ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಒಮ್ಮೆ ಹೋಗಿ ನೋಡಿ. ಮಾರಾಟ ಎಷ್ಟಾದರೂ ಆಗಲಿ, ನಿಮ್ಮ ಚಿತ್ರದೆದುರು ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಮುಂದೆ ಹೋಗುತ್ತಾರೆ ಎಂದು ಒಂದೇ ದಿನದಲ್ಲಿ ಕಾಣುತ್ತದೆ.

ದೊಡ್ಡ ಯೋಜನೆಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳ ಅನುದಾನ ಇದೆ. ಕನ್ನಡದಲ್ಲೇ ಯೋಚಿಸಿ ಬರೆಯಿರಿ, ಏನು ಮಾಡುತ್ತೀರಿ ಎನ್ನುವುದಕ್ಕಿಂತ ಇದನ್ನು ನೀವೇ ಏಕೆ ಮಾಡಬೇಕು ಎನ್ನುವುದಕ್ಕೆ ಹೆಚ್ಚು ಜಾಗ ಕೊಡಿ.

ಈಗಿನ ನೌಕರಿ ಬಿಟ್ಟು ಪೂರ್ತಿ ಇದಕ್ಕೆ ಇಳಿಯುದು ಯಾವಾಗ? ಮನೆಯಲ್ಲಿ ಒಪ್ಪುದಿಲ್ಲ.

ನನ್ನ ಅಳತೆ ಮೂರು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಬೇಕು. ಎರಡನೇ ಸಲ ಕೆಲಸ ಕೊಟ್ಟ ಕ್ಲಯಂಟ್ ಮೂವರಾದರೂ ಇರಬೇಕು. ಮೊದಲ ಸಲ ಕೊಡುವವರು ಗುರ್ತಕ್ಕೂ ಕೊಡುತ್ತಾರೆ. ಮತ್ತೆ, ನೀವೇ ಶುರುಮಾಡಿ ನೀವೇ ಮುಗಿಸಿದ ಒಂದು ಸ್ವಂತದ ಕೆಲಸ ಇರಬೇಕು.

ಮನೆಯವರ ಭಯಕ್ಕೆ ವಾದ ಮಾಡಿ ಪ್ರಯೋಜನವಿಲ್ಲ, ಅದು ಪ್ರೀತಿಯಿಂದ ಬಂದದ್ದು. ನಾನು ಒಂದು ಉದ್ದದ ಲೆಕ್ಕದ ಪುಸ್ತಕ ಇಟ್ಟಿದ್ದೆ. ಬಂದ ಕೆಲಸ, ಮುಂಗಡ, ಬಾಕಿ, ಖರ್ಚು ಎಲ್ಲ ಅದರಲ್ಲಿ ಬರೆದು ತಿಂಗಳ ಕೊನೆಗೆ ಊಟದ ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆ. ಅಪ್ಪ ಬ್ಯಾಂಕಿನಿಂದ ನಿವೃತ್ತರಾದವರು, ಮೊದಮೊದಲು ಮುಟ್ಟುತ್ತಿರಲಿಲ್ಲ. ಎರಡನೇ ವರ್ಷದ ಒಂದು ರಾತ್ರಿ, ನಾನು ಕೈ ತೊಳೆದು ಬರುವಾಗ ಕನ್ನಡಕ ಹಾಕಿಕೊಂಡು ಪುಟ ತಿರುಗಿಸುತ್ತಿದ್ದರು. ‘ಈ ಗೇರುಬೀಜದವರ ಬಾಕಿ ಇನ್ನೂ ಬರ್ಲಿಲ್ವಲ್ಲ, ನಾಳೆ ಒಂದು ಫೋನ್ ಮಾಡು’ ಎಂದರು.